ಕಂಪ್ಯೂಟರ್ ಆನ್ ಆಗ್ತಿಲ್ವಾ? ಮೊದಲು ಫೈಲ್ ಹೊರಗೆ ತೆಗೆಯಿರಿ, ರಿಪೇರಿ ಆಮೇಲೆ

ನಮ್ಮ ದೊಡ್ಡಪ್ಪ ನಿವೃತ್ತಿಯಾದ ಮೇಲೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವುದು ಕಲಿತರು. ಊರಿನ ಕೆರೆ, ಜಾತ್ರೆ, ಹಳೇ ವ್ಯಾಜ್ಯ, ಯಾರ ಮನೆಗೆ ಯಾವ ಊರಿನಿಂದ ಸೊಸೆ ಬಂದಳು ಎಂಬುದನ್ನೆಲ್ಲ ಮೂರು ವರ್ಷ ಕೂತು ಬರೆದರು. ಒಂದು ದಿನ ಕಂಪ್ಯೂಟರ್ ಆನ್ ಆಗಲಿಲ್ಲ. ಕಪ್ಪು ಪರದೆ ಮೇಲೆ ಬಿಳಿ ಅಕ್ಷರದ ಒಂದು ಸಾಲು, ಅಷ್ಟೇ. ನಾನೇ ಅದನ್ನು ಸ್ಕೂಟರಿನಲ್ಲಿ ಇಟ್ಟುಕೊಂಡು ಅಂಗಡಿಗೆ ಹೋದೆ. ಅಲ್ಲಿನ ಹುಡುಗ ನೋಡಿ, "ವಿಂಡೋಸ್ ಹೋಗಿದೆ ಸಾರ್, ಫಾರ್ಮ್ಯಾಟ್ ಹೊಡೆದ್ರೆ ಸರಿ ಹೋಗುತ್ತೆ. ಡಿ ಡ್ರೈವ್ ಮುಟ್ಟಲ್ಲ, ಡೇಟಾ ಹಾಗೇ ಇರುತ್ತೆ" ಎಂದ. ಸಂಜೆ ಹೊತ್ತಿಗೆ ಕಂಪ್ಯೂಟರ್ ಫಳಫಳ ಅನ್ನುತ್ತಿತ್ತು. ಡಿ ಡ್ರೈವ್‌ನಲ್ಲಿದ್ದ ಸಿನಿಮಾ ಹಾಡುಗಳೆಲ್ಲ ಹಾಗೇ ಇದ್ದವು. ದೊಡ್ಡಪ್ಪ ಬರೆದದ್ದೆಲ್ಲ ಡೆಸ್ಕ್‌ಟಾಪ್ ಮೇಲಿತ್ತು. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವ್‌ನಲ್ಲಿ.

ಹುಡುಗ ಸುಳ್ಳು ಹೇಳಿರಲಿಲ್ಲ. ಕೇಳಬೇಕಾದ್ದನ್ನು ನಾನು ಕೇಳಿರಲಿಲ್ಲ. ಆ ಡಿಸ್ಕ್ ಅವತ್ತು ಚೆನ್ನಾಗಿಯೇ ಇತ್ತು, ಫೈಲೂ ಇತ್ತು. ಕೆಟ್ಟಿದ್ದು ವಿಂಡೋಸ್ ಮಾತ್ರ. ಫೈಲ್ ಹೋಗಿದ್ದು ಕಂಪ್ಯೂಟರ್ ಕೆಟ್ಟಾಗ ಅಲ್ಲ, ರಿಪೇರಿ ಆದಾಗ.

2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಲೋಕದ ತುಂಬ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಮೈಕ್ರೋಸಾಫ್ಟ್ ಲೆಕ್ಕದ ಪ್ರಕಾರ ಸುಮಾರು 85 ಲಕ್ಷ ಯಂತ್ರ. ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಆದರೂ ಆ ಯಂತ್ರಗಳಲ್ಲಿದ್ದ ಫೈಲ್‌ಗಳಿಗೆ ಏನೂ ಆಗಿರಲಿಲ್ಲ. ಕೆಟ್ಟ ಒಂದು ಫೈಲ್ ಅಳಿಸಿದರೆ ಯಂತ್ರ ಮತ್ತೆ ಏಳುತ್ತಿತ್ತು. ಆನ್ ಆಗದಿರುವುದು ಬೇರೆ, ಫೈಲ್ ಹೋಗಿರುವುದು ಬೇರೆ. ಈ ಎರಡನ್ನೂ ಒಂದೇ ಅಂದುಕೊಂಡು ಗಾಬರಿಯಾಗುವುದರಿಂದಲೇ ಅರ್ಧ ಅನಾಹುತ ಆಗುವುದು.

ಈಗ ಕೆಲಸಕ್ಕೆ ಬರೋಣ. ಮನೆಯಲ್ಲಿ ಸಾಮಾನ್ಯವಾಗಿ ಇರುವ ವಿಂಡೋಸ್ ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪ್‌ಗೆ ಇದನ್ನು ಬರೆದಿದ್ದೇನೆ.

ಶುರು ಮಾಡುವ ಮೊದಲು: ಇವನ್ನು ಮಾಡಬೇಡಿ

ವಿಂಡೋಸ್ ಮತ್ತೆ ಹಾಕಬೇಡಿ. ನೀಲಿ ಬಣ್ಣದ ರಿಪೇರಿ ಪರದೆಯಲ್ಲಿ 'ರೀಸೆಟ್ ದಿಸ್ ಪಿಸಿ' ಎಂದು ಕಾಣುತ್ತದೆ, ಅದನ್ನೂ ಒತ್ತಬೇಡಿ. ಅದರೊಳಗೆ ಫೈಲ್ ಉಳಿಸಿಕೊಳ್ಳುವ ಆಯ್ಕೆ ಇದೆ, ನಿಜ. ಆದರೆ ಅದರ ಪಕ್ಕದಲ್ಲೇ ಎಲ್ಲವನ್ನೂ ಅಳಿಸುವ ಆಯ್ಕೆಯೂ ಇದೆ. ಗಾಬರಿಯಲ್ಲಿ ಬೆರಳು ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಡಿಸ್ಕ್ ಬೇರೆ ಕಂಪ್ಯೂಟರ್‌ಗೆ ಚುಚ್ಚಿದಾಗ 'ಇದನ್ನು ಬಳಸಲು ಮೊದಲು ಫಾರ್ಮ್ಯಾಟ್ ಮಾಡಬೇಕು' ಎಂಬ ಪೆಟ್ಟಿಗೆ ಬಂದರೆ ಕ್ಯಾನ್ಸಲ್ ಒತ್ತಿ. ಯಾರೋ ಹೇಳಿದರೆಂದು ಚೆಕ್‌ಡಿಸ್ಕ್ (ಡಿಸ್ಕಿನ ತಪ್ಪು ಹುಡುಕಿ ತಿದ್ದುವ ವಿಂಡೋಸ್ ತಂತ್ರಾಂಶ) ಕೂಡ ಓಡಿಸಬೇಡಿ. ಅದು ಡಿಸ್ಕ್ ಮೇಲೆ ತಿದ್ದಿ ಬರೆಯುತ್ತದೆ. ಡಿಸ್ಕ್ ಗಟ್ಟಿಯಿದ್ದರೆ ತೊಂದರೆಯಿಲ್ಲ, ಸಾಯುವ ಹಂತದಲ್ಲಿದ್ದರೆ ಅದೇ ಕೊನೆಯ ಏಟಾಗಬಹುದು.

ಹಂತ 1: ಎಲ್ಲಿ ನಿಂತಿದೆ ನೋಡಿ

ಬಟನ್ ಒತ್ತಿ, ಕಣ್ಣು ಕಿವಿ ಎರಡೂ ತೆರೆದಿಡಿ.

ಲೈಟ್ ಇಲ್ಲ, ಫ್ಯಾನ್ ಇಲ್ಲ, ಏನೂ ಇಲ್ಲ ಅಂದರೆ ಅದು ಕರೆಂಟಿನ ಸಮಸ್ಯೆ. ಡೆಸ್ಕ್‌ಟಾಪ್ ಆದರೆ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಅಥವಾ ಯುಪಿಎಸ್ ಹೋಗಿರಬಹುದು. ಲ್ಯಾಪ್‌ಟಾಪ್ ಆದರೆ ಚಾರ್ಜರ್. ಇದು ಒಳ್ಳೆಯ ಸುದ್ದಿಯೇ, ಏಕೆಂದರೆ ಹೆಚ್ಚಿನ ಸಲ ಡಿಸ್ಕ್‌ಗೆ ಏನೂ ಆಗಿರುವುದಿಲ್ಲ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ರ್‍ಯಾಮ್ (ಓಡುತ್ತಿರುವ ಕೆಲಸವನ್ನು ನೆನಪಿಡುವ ಪಟ್ಟಿ) ಮೇಲೆ ಮೊದಲ ಅನುಮಾನ. ಡೆಸ್ಕ್‌ಟಾಪ್ ಬೀಪ್ ಬೀಪ್ ಅಂತಿದ್ದರೆ ಅನುಮಾನ ಇನ್ನೂ ಜಾಸ್ತಿ.

ಕಂಪನಿಯ ಲೋಗೊ ಬರುತ್ತದೆ, ಆಮೇಲೆ ಸುತ್ತುವ ಚುಕ್ಕಿಗಳು, ಆಮೇಲೆ ಮತ್ತೆ ಲೋಗೊ. ಅಥವಾ ದೋಷ ತೋರಿಸುವ ನೀಲಿ ಪರದೆ (ಈಚಿನ ವಿಂಡೋಸ್ 11ರಲ್ಲಿ ಕಪ್ಪು). ಇಲ್ಲಿ ಕೆಟ್ಟಿರುವುದು ಹೆಚ್ಚಾಗಿ ವಿಂಡೋಸ್.

'ಬೂಟ್ ಡಿವೈಸ್ (ವಿಂಡೋಸ್ ಏಳಬೇಕಾದ ಡಿಸ್ಕ್) ಸಿಗುತ್ತಿಲ್ಲ' ಎಂಬ ಅರ್ಥದ ಸಾಲು ಬಂದರೆ ಎರಡು ದಾರಿ. ಡಿಸ್ಕ್ ಸತ್ತಿರಬಹುದು, ಇಲ್ಲವೇ ಸುಮ್ನೆ ನೀವು ಯುಎಸ್‌ಬಿಗೆ ಚುಚ್ಚಿ ಮರೆತ ಪೆನ್‌ಡ್ರೈವ್‌ನಿಂದ ಬೂಟ್ ಆಗಲು ಹೊರಟಿರಬಹುದು. ನಗಬೇಡಿ, ನನ್ನ ಮನೆಯಲ್ಲೇ ಎರಡು ಸಲ ಆಗಿದೆ.

ಟಿಕ್, ಟಿಕ್, ಟಿಕ್ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ಅಥವಾ ಕರಕರ ಎಂದು ಕೆರೆದಂತೆ ಕೇಳಿದರೆ, ಈ ಕ್ಷಣವೇ ಆಫ್ ಮಾಡಿ. ಮುಂದಿನ ಹಂತ ಯಾವುದನ್ನೂ ಮಾಡಬೇಡಿ. ನೇರ ಕೆಳಗೆ 'ಟಿಕ್ ಟಿಕ್' ಭಾಗಕ್ಕೆ ಹೋಗಿ. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕ್‌ನಲ್ಲಿ ತಿರುಗುವ ಭಾಗವೇ ಇಲ್ಲ, ಹಾಗಾಗಿ ಅದು ಸಾಯುವಾಗ ಸದ್ದೂ ಮಾಡುವುದಿಲ್ಲ.

ಹಂತ 2: ಹತ್ತು ನಿಮಿಷದ ಪ್ರಯತ್ನಗಳು

ಪ್ರಿಂಟರ್, ಪೆನ್‌ಡ್ರೈವ್, ಡಾಂಗಲ್ ಎಲ್ಲ ಕಿತ್ತುಹಾಕಿ ಒಮ್ಮೆ ಆನ್ ಮಾಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆಯಿರಿ, ಬ್ಯಾಟರಿ ಬಿಚ್ಚುವಂತಿದ್ದರೆ ಅದನ್ನೂ ತೆಗೆಯಿರಿ. ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ಬಿಡಿ. ಮತ್ತೆ ಚಾರ್ಜರ್ ಹಾಕಿ ಆನ್ ಮಾಡಿ. ಇಷ್ಟಕ್ಕೇ ಎದ್ದ ಲ್ಯಾಪ್‌ಟಾಪ್‌ಗಳಿವೆ.

ಡೆಸ್ಕ್‌ಟಾಪ್‌ನ ರ್‍ಯಾಮ್ ಒರೆಸುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮದ್ದು. ಪ್ಲಗ್ ಕೀಳಿ. ಕೇಸಿನ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಹೋಗಲಿ. ಎರಡೂ ತುದಿಯ ಕ್ಲಿಪ್ ಒತ್ತಿ ರ್‍ಯಾಮ್ ಹೊರಗೆ ತೆಗೆಯಿರಿ. ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಟಕ್ ಎನ್ನುವ ತನಕ ಒತ್ತಿ ಕೂರಿಸಿ. ಎರಡು ರ್‍ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ.

ಇನ್ನೊಂದು ಸಣ್ಣ ಕಳ್ಳ ಇದ್ದಾನೆ. ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ, ಸಿಆರ್ 2032. ಹಳೇ ಕಂಪ್ಯೂಟರ್ ಪ್ರತಿ ಸಲ ದಿನಾಂಕ ಮರೆಯುತ್ತಿದ್ದರೆ ಅದು ಮುಗಿದಿದೆ ಎಂದರ್ಥ. ಆಗ ಬಯಾಸ್ (ವಿಂಡೋಸ್‌ಗೂ ಮೊದಲು ಏಳುವ ಒಳಗಿನ ತಂತ್ರಾಂಶ) ಸೆಟ್ಟಿಂಗ್ ಮೊದಲಿನಂತೆ ಆಗಿಬಿಡುತ್ತದೆ. ಬೂಟ್ ಆಗುವ ಡಿಸ್ಕಿನ ಸರದಿ ಬದಲಾಗಬಹುದು, ಡಿಸ್ಕ್ ಓದುವ ಮೋಡ್ ಬದಲಾಗಬಹುದು. ಹಾಗಾದಾಗ ಡಿಸ್ಕ್ ಸರಿಯಿದ್ದರೂ ವಿಂಡೋಸ್ ಏಳುವುದಿಲ್ಲ. ಹೊಸ ಬ್ಯಾಟರಿ ಸಣ್ಣ ಪೇಟೆಯ ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಆಮೇಲೆ ಆನ್ ಮಾಡಿದ ಕೂಡಲೇ ಕೀ ಒತ್ತಿ ಬಯಾಸ್ ಒಳಗೆ ಹೋಗಿ ನೋಡಿ. ಡೆಲ್, ಏಸರ್, ಆಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಫ್10, ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚಾಗಿ ಡಿಲೀಟ್ ಕೀ. ಅಲ್ಲಿ ನಿಮ್ಮ ಡಿಸ್ಕಿನ ಹೆಸರು ಕಾಣುತ್ತದೆಯೇ? ಕಂಡರೆ ಅರ್ಧ ಗೆದ್ದಂತೆ. ಕಾಣದಿದ್ದರೆ ಡೆಸ್ಕ್‌ಟಾಪ್‌ನಲ್ಲಿ ಡಿಸ್ಕಿನ ಎರಡೂ ಕೇಬಲ್ ಕಿತ್ತು ಮತ್ತೆ ಗಟ್ಟಿಯಾಗಿ ಕೂರಿಸಿ. ಆ ತೆಳ್ಳನೆ ಸಾಟಾ ಕೇಬಲ್ ಸಡಿಲವಾಗುವುದು ತೀರ ಸಾಮಾನ್ಯ.

ಹಂತ 3: ನೋಟ್‌ಪ್ಯಾಡ್ ಉಪಾಯ

ವಿಂಡೋಸ್ ಮಾತ್ರ ಕೆಟ್ಟಿದೆ, ಕೈಯಲ್ಲಿ ಬೇರೆ ಕಂಪ್ಯೂಟರ್ ಇಲ್ಲ, ಪೆನ್‌ಡ್ರೈವ್ ಇದೆ ಅನ್ನುವವರಿಗೆ ಇದು ಸುಲಭದ ದಾರಿ. ಬಹಳ ಜನಕ್ಕೆ ಗೊತ್ತಿಲ್ಲ.

ವಿಂಡೋಸ್ ಸತತವಾಗಿ ಎರಡು ಮೂರು ಸಲ ಏಳಲು ಆಗದಿದ್ದರೆ ತಾನೇ ರಿಪೇರಿ ಪರದೆಗೆ ಹೋಗುತ್ತದೆ. ಹೋಗದಿದ್ದರೆ ಲೋಗೊ ಬಂದ ಕೂಡಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಹೀಗೆ ಎರಡು ಮೂರು ಸಲ. ನೀಲಿ ಪರದೆಯಲ್ಲಿ 'ಅಡ್ವಾನ್ಸ್‌ಡ್ ಆಪ್ಷನ್ಸ್', 'ಟ್ರಬಲ್‌ಶೂಟ್', ಮತ್ತೆ 'ಅಡ್ವಾನ್ಸ್‌ಡ್ ಆಪ್ಷನ್ಸ್', ಅಲ್ಲಿ 'ಕಮಾಂಡ್ ಪ್ರಾಂಪ್ಟ್'. ಕಪ್ಪು ಕಿಟಕಿ ತೆರೆದುಕೊಳ್ಳುತ್ತದೆ. ಅದರಲ್ಲಿ ನೋಟ್‌ಪ್ಯಾಡ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ.

ನೋಟ್‌ಪ್ಯಾಡ್ ಬಂತು ಅಲ್ವಾ? ಅದರ ಫೈಲ್ ಮೆನುವಿನಲ್ಲಿ ಓಪನ್ ಒತ್ತಿ. ತೆರೆದುಕೊಳ್ಳುವ ಕಿಟಕಿಯೇ ನಮಗೆ ಬೇಕಾದದ್ದು. ಕೆಳಗೆ ಟೆಕ್ಸ್ಟ್ ಫೈಲ್ ಎಂದಿರುವುದನ್ನು 'ಆಲ್ ಫೈಲ್ಸ್' ಮಾಡಿ, ಎಡಗಡೆ 'ದಿಸ್ ಪಿಸಿ' ಒತ್ತಿ. ಡ್ರೈವ್‌ಗಳೆಲ್ಲ ಕಾಣುತ್ತವೆ. ಇಲ್ಲಿ ಅಕ್ಷರ ಅದಲುಬದಲಾಗಿರಬಹುದು, ನಿಮ್ಮ ಸಿ ಡ್ರೈವ್ ಡಿ ಅಥವಾ ಇ ಆಗಿ ಕಾಣಬಹುದು. ಒಳಗೆ ಹೋಗಿ 'ಯೂಸರ್ಸ್' ಫೋಲ್ಡರ್ ಇದೆಯೇ ನೋಡಿ ಗುರುತಿಸಿ. ಬೇಕಾದ ಫೋಲ್ಡರ್ ಮೇಲೆ ಬಲ ಕ್ಲಿಕ್, ಕಾಪಿ. ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್.

ಕಾಪಿ ಎಷ್ಟಾಯಿತು ಎಂದು ತೋರಿಸುವ ಪಟ್ಟಿ ಇಲ್ಲಿ ಬರುವುದಿಲ್ಲ. ಕಿಟಕಿ ಹೆಪ್ಪುಗಟ್ಟಿದ ಹಾಗೆ ನಿಂತಿರುತ್ತದೆ. ಅದು ಕೆಲಸ ಮಾಡುತ್ತಿದೆ, ಬಿಟ್ಟುಬಿಡಿ. ಒಂದೇ ಸಲಕ್ಕೆ ಇಡೀ ಡ್ರೈವ್ ಎತ್ತುವ ಬದಲು ಫೋಲ್ಡರ್ ಫೋಲ್ಡರ್ ಆಗಿ ಎತ್ತಿ.

ಹಂತ 4: ಪೆನ್‌ಡ್ರೈವ್‌ನಿಂದ ಲಿನಕ್ಸ್ ಎಬ್ಬಿಸುವುದು

ಲಿನಕ್ಸ್ ಎಂದರೆ ವಿಂಡೋಸ್ ಬದಲಿಗೆ ಕಂಪ್ಯೂಟರ್ ನಡೆಸಬಲ್ಲ ಇನ್ನೊಂದು ತಂತ್ರಾಂಶ. ನನಗೆ ಎಲ್ಲಕ್ಕಿಂತ ನಂಬಿಕೆಯ ದಾರಿ ಇದು. ಮನೆಯ ಬಾಗಿಲು ಜಾಮ್ ಆಗಿದ್ದರೆ ಹಿತ್ತಲ ಬಾಗಿಲಿನಿಂದ ಹೋಗಿ ಸಾಮಾನು ತರುವ ಹಾಗೆ. ಬೇಕಾಗುವುದು ಇಷ್ಟೇ: ಬೇರೆಯವರ ಒಂದು ಕಂಪ್ಯೂಟರ್ ಅರ್ಧ ಗಂಟೆಗೆ, 8 ಜಿಬಿಯ ಒಂದು ಖಾಲಿ ಪೆನ್‌ಡ್ರೈವ್, ಫೈಲ್ ತುಂಬಿಸಿಕೊಳ್ಳಲು ಒಂದು ಎಕ್ಸ್‌ಟರ್ನಲ್ ಡಿಸ್ಕ್.

ಆ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಮಿಂಟ್‌ನ ಐಎಸ್‌ಒ ಫೈಲ್ ಡೌನ್‌ಲೋಡ್ ಮಾಡಿ. ಸುಮಾರು 3 ಜಿಬಿ, ಉಚಿತ. ರೂಫಸ್ ಎಂಬ ಸಣ್ಣ ಉಚಿತ ತಂತ್ರಾಂಶದಿಂದ ಅದನ್ನು ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಮೊದಲು ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಫೈಲ್ ಉಳಿಸಲು ಹೋಗಿ ಮಗಳ ಪ್ರಾಜೆಕ್ಟ್ ಇರುವ ಪೆನ್‌ಡ್ರೈವ್ ಅಳಿಸಿಬಿಟ್ಟೀರಿ.

ಈಗ ಕೆಟ್ಟ ಕಂಪ್ಯೂಟರ್‌ಗೆ ಅದನ್ನು ಚುಚ್ಚಿ ಆನ್ ಮಾಡಿ, ಕೂಡಲೇ ಬೂಟ್ ಮೆನು ಕೀಯನ್ನು ಟಕಟಕ ಒತ್ತುತ್ತಿರಿ. ಡೆಲ್ ಮತ್ತು ಲೆನೊವೊದಲ್ಲಿ ಎಫ್12. ಎಚ್‌ಪಿಯಲ್ಲಿ ಮೊದಲು ಎಸ್ಕೇಪ್, ಆಮೇಲೆ ಎಫ್9. ಆಸುಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12, ಆದರೆ ಕೆಲವದರಲ್ಲಿ ಮೊದಲು ಬಯಾಸ್‌ಗೆ ಹೋಗಿ ಆ ಮೆನುವನ್ನು ಆನ್ ಮಾಡಬೇಕು. ಜೋಡಿಸಿದ ಡೆಸ್ಕ್‌ಟಾಪ್‌ನಲ್ಲಿ ಮದರ್‌ಬೋರ್ಡ್ ಗಿಗಾಬೈಟ್ ಆದರೆ ಎಫ್12, ಎಂಎಸ್‌ಐ ಆದರೆ ಎಫ್11, ಆಸುಸ್ ಆದರೆ ಎಫ್8. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ಎನ್ ಕೀ ಜೊತೆಗೆ ಒತ್ತಬೇಕಾಗುತ್ತದೆ. ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ.

ಮಿಂಟ್ ಎದ್ದು ನಿಲ್ಲುತ್ತದೆ. ಅದು ಓಡುತ್ತಿರುವುದು ಪೆನ್‌ಡ್ರೈವ್ ಮತ್ತು ರ್‍ಯಾಮ್‌ನಲ್ಲಿ, ನಿಮ್ಮ ಡಿಸ್ಕ್ ಮೇಲೆ ಅಲ್ಲ. ಡೆಸ್ಕ್‌ಟಾಪ್ ಮೇಲೆ 'ಇನ್‌ಸ್ಟಾಲ್' ಎಂಬ ಚಿತ್ರ ಇರುತ್ತದೆ. ಅದರ ತಂಟೆಗೆ ಹೋಗಬೇಡಿ.

'ಕಂಪ್ಯೂಟರ್' ಚಿತ್ರ ತೆರೆಯಿರಿ. ಇಲ್ಲಿ ಸಿ, ಡಿ ಎಂಬ ಹೆಸರಿಲ್ಲ, ಡ್ರೈವ್‌ಗಳು ಗಾತ್ರದಿಂದ ಕಾಣುತ್ತವೆ. ದೊಡ್ಡದರ ಮೇಲೆ ಎರಡು ಸಲ ಕ್ಲಿಕ್ ಮಾಡಿ. ವಿಂಡೋಸ್ ಪೂರ್ತಿ ಆಫ್ ಆಗದೆ ಅರೆನಿದ್ದೆಯಲ್ಲಿ ನಿಂತಿದ್ದರೆ ಲಿನಕ್ಸ್ ಆ ಡ್ರೈವ್ ಮೇಲೆ ಬರೆಯಲು ಬಿಡದೆ ಓದಲು ಮಾತ್ರ ತೆರೆಯಬಹುದು. ನಮಗೆ ಬೇಕಾದದ್ದೂ ಓದುವುದೇ. ಎಕ್ಸ್‌ಟರ್ನಲ್ ಡಿಸ್ಕ್ ಚುಚ್ಚಿ, ಎರಡು ಕಿಟಕಿ ಅಕ್ಕಪಕ್ಕ ಇಡಿ. ಎಳೆದು ಹಾಕುವುದು ಬೇಡ, ಕಾಪಿ ಪೇಸ್ಟ್ ಮಾಡಿ. ಕಟ್ ಮಾತ್ರ ಬೇಡವೇ ಬೇಡ.

ಡಿಸ್ಕೇ ಕಾಣುತ್ತಿಲ್ಲ, ಆದರೆ ಬಯಾಸ್‌ನಲ್ಲಿ ಕಂಡಿತ್ತು ಎಂದರೆ ಅಲ್ಲಿ ಡಿಸ್ಕ್ ಮೋಡ್ ಆರ್‌ಎಸ್‌ಟಿ ಎಂದಿರಬಹುದು. ಒಂದೇ ಡಿಸ್ಕ್ ಇರುವ ಮನೆ ಲ್ಯಾಪ್‌ಟಾಪ್ ಆದರೆ ಅದನ್ನು ಎಎಚ್‌ಸಿಐ ಮಾಡಿ ನೋಡಿ. ಬದಲಿಸುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಆಮೇಲೆ ಮೊದಲಿನಂತೆ ಮಾಡಬೇಕು.

ಪೆನ್‌ಡ್ರೈವ್‌ಗೆ 4 ಜಿಬಿಗಿಂತ ದೊಡ್ಡ ಫೈಲ್ ಹೋಗುತ್ತಿಲ್ಲ ಅಂದರೆ ಅದು ಫ್ಯಾಟ್32 ಎಂಬ ಹಳೇ ಬಗೆಯ ಫಾರ್ಮ್ಯಾಟ್‌ನಲ್ಲಿದೆ ಎಂದರ್ಥ. ಮದುವೆ ವಿಡಿಯೊ ಇರುವವರಿಗೆ ಇದು ಗ್ಯಾರಂಟಿ ಎದುರಾಗುತ್ತದೆ. ಖಾಲಿ ಇರುವಾಗಲೇ ಅದನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಸಮಯದ ಲೆಕ್ಕವೂ ಇರಲಿ. ಹಳೇ ಯುಎಸ್‌ಬಿ 2 ಕಿಂಡಿಯಲ್ಲಿ 100 ಜಿಬಿಗೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಯಲ್ಲಿ ಅದರ ಮೂರನೇ ಒಂದು ಭಾಗ. ಸಾವಿರಾರು ಸಣ್ಣ ಫೋಟೊ ಇದ್ದರೆ ಎರಡೂ ನಿಧಾನವೇ. ಕರೆಂಟ್ ಹೋಗುವ ಹೊತ್ತಿನಲ್ಲಿ ಶುರು ಮಾಡಬೇಡಿ.

48 ಅಂಕಿ ಕೇಳಿದರೆ

ಡ್ರೈವ್ ಒತ್ತಿದಾಗ ಕೀಲಿ ಕೇಳಿತೇ? ಅದು ಬಿಟ್‌ಲಾಕರ್. ಡಿಸ್ಕ್‌ನಲ್ಲಿ ಇರುವುದೆಲ್ಲ ಸಂಕೇತ ರೂಪದಲ್ಲಿದೆ. ನಾನಂತೂ ಅದನ್ನು ಆನ್ ಮಾಡಿಲ್ಲ ಅಂತೀರಿ. ನಿಜ, ನೀವು ಮಾಡಿಲ್ಲ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ ಅದು ತಾನಾಗಿಯೇ ಆನ್ ಆಗುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಇದು ಇನ್ನೂ ಜಾಸ್ತಿ ಯಂತ್ರಗಳಿಗೆ ಬಂದಿದೆ, ಹೋಮ್ ಆವೃತ್ತಿಯೂ ಸೇರಿ.

ಕೀಲಿ 48 ಅಂಕಿಯದು, ಆರಾರು ಅಂಕಿಯ ಎಂಟು ಗುಂಪು. ಮೊಬೈಲಿನಲ್ಲಿ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ, ನಿಮ್ಮ ಸಾಧನಗಳ ಪಟ್ಟಿಯಲ್ಲಿ ರಿಕವರಿ ಕೀ ನೋಡಿ. ಒಂದಕ್ಕಿಂತ ಹೆಚ್ಚು ಕೀಲಿ ಇದ್ದರೆ ಪರದೆ ಮೇಲೆ ಕಾಣುವ ಕೀ ಐಡಿಯ ಮೊದಲ ಎಂಟು ಅಕ್ಷರ ತಾಳೆ ನೋಡಿ. ಈಗ ತೊಡಕಿನ ಪ್ರಶ್ನೆ: ಲ್ಯಾಪ್‌ಟಾಪ್ ಕೊಂಡ ದಿನ ಯಾರ ಮೇಲ್ ಐಡಿ ಹಾಕಿದ್ದು? ನಮ್ಮ ಮನೆಗಳಲ್ಲಿ ಅದು ಹೆಚ್ಚಾಗಿ ಬೇರೆ ಊರಿನಲ್ಲಿರುವ ಮಗನದೋ, ಅಳಿಯನದೋ, ಕೆಲವೊಮ್ಮೆ ಅಂಗಡಿ ಹುಡುಗ ಅಲ್ಲೇ ಹೊಸದಾಗಿ ಮಾಡಿಕೊಟ್ಟದ್ದೋ ಆಗಿರುತ್ತದೆ. ಎಲ್ಲರನ್ನೂ ಕೇಳಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಕೀಲಿ ಆಫೀಸಿನ ಐಟಿಯವರ ಬಳಿ ಇರುತ್ತದೆ. ಕೀಲಿ ಎಲ್ಲೂ ಸಿಗದಿದ್ದರೆ ಡಿಸ್ಕ್ ಎಷ್ಟೇ ಚೆನ್ನಾಗಿದ್ದರೂ ಯಾವ ಅಂಗಡಿಯವರೂ ತೆಗೆದುಕೊಡಲಾರರು. ತೆಗೆಯುತ್ತೇನೆ ಎಂದವನಿಗೆ ದುಡ್ಡು ಕೊಡಬೇಡಿ.

ನೋಟ್‌ಪ್ಯಾಡ್ ದಾರಿಯಲ್ಲೂ ಇದೇ ಕೀಲಿ ಕೇಳುತ್ತದೆ.

ಏನೇನು ಎತ್ತಬೇಕು

ಇಲ್ಲೇ ಎಲ್ಲರೂ ಎಡವುವುದು. ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನ ಫೋಲ್ಡರ್ ಇದೆ. ಅದರೊಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್, ವಿಡಿಯೋಸ್. ಇಷ್ಟು ಎಲ್ಲರಿಗೂ ಗೊತ್ತು. ಡೆಸ್ಕ್‌ಟಾಪ್ ಖಾಲಿ ಕಂಡರೆ ಎದೆ ಒಡೆದುಕೊಳ್ಳಬೇಡಿ, ಅದೇ ಜಾಗದಲ್ಲಿ ಒನ್‌ಡ್ರೈವ್ ಎಂಬ ಫೋಲ್ಡರ್ ಇದ್ದರೆ ಡೆಸ್ಕ್‌ಟಾಪ್ ಅದರೊಳಗೆ ಹೋಗಿ ಕೂತಿರುತ್ತದೆ. ಅದರಲ್ಲಿನ ಕೆಲವು ಫೈಲ್ ತೆರೆಯದಿದ್ದರೆ ಅವು ಡಿಸ್ಕ್‌ನಲ್ಲಿ ಇಲ್ಲದೆ ಇಂಟರ್‌ನೆಟ್‌ನಲ್ಲಿ ಮಾತ್ರ ಇರಬಹುದು. ಮೊಬೈಲಿನಿಂದ ಒನ್‌ಡ್ರೈವ್ ತೆರೆದು ನೋಡಿ.

ಟ್ಯಾಲಿ ಬಳಸುವವರು ಎಚ್ಚರ. ಲೆಕ್ಕದ ಡೇಟಾ ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ. ಟ್ಯಾಲಿ ಪ್ರೈಮ್ ಆದರೆ ಸಾಮಾನ್ಯವಾಗಿ ಯೂಸರ್ಸ್ ಒಳಗಿನ 'ಪಬ್ಲಿಕ್' ಫೋಲ್ಡರಿನಲ್ಲಿ, ಹಳೇ ಇಆರ್‌ಪಿ 9 ಆದರೆ ಸಿ ಡ್ರೈವ್‌ನಲ್ಲೇ ಟ್ಯಾಲಿ ಹೆಸರಿನ ಫೋಲ್ಡರಿನಲ್ಲಿ 'ಡೇಟಾ' ಎಂಬುದು. ಅದರೊಳಗೆ ಹತ್ತು ಸಾವಿರದಿಂದ ಶುರುವಾಗುವಂಥ ಸಂಖ್ಯೆಯ ಫೋಲ್ಡರ್‌ಗಳು. ಒಂದೊಂದೂ ಒಂದೊಂದು ಕಂಪನಿಯ ಲೆಕ್ಕ. ಡೇಟಾ ಫೋಲ್ಡರನ್ನು ಇಡಿಯಾಗಿ ಎತ್ತಿ.

ಬ್ರೌಸರಿನ ಬುಕ್‌ಮಾರ್ಕ್ ಬೇಕಿದ್ದರೆ ಅಡಗಿರುವ 'ಆ್ಯಪ್‌ಡೇಟಾ' ಫೋಲ್ಡರ್ ಎತ್ತಿಕೊಳ್ಳಿ. ಮಿಂಟ್‌ನಲ್ಲಿ ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿದರೆ ಅಡಗಿದ್ದೆಲ್ಲ ಕಾಣುತ್ತದೆ. ಕ್ರೋಮ್, ಎಡ್ಜ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಮಾತ್ರ ಹೀಗೆ ಕಾಪಿ ಮಾಡಿದರೆ ಬರುವುದಿಲ್ಲ. ಅವಕ್ಕೆ ವಿಂಡೋಸ್ ತನ್ನದೇ ಬೀಗ ಹಾಕಿರುತ್ತದೆ.

ಇನ್ನು ಕನ್ನಡಿಗರಿಗೇ ಮೀಸಲಾದ ಒಂದು ತಲೆನೋವು. ನುಡಿ, ಬರಹ, ಶ್ರೀಲಿಪಿಯ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಯುನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಒಳಗಿರುವುದು ಇಂಗ್ಲಿಷ್ ಚಿಹ್ನೆಗಳ ಗೋಜಲು. ಫಾಂಟ್ ಇದ್ದಾಗ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಫೈಲ್ ಉಳಿಸಿ, ಹೊಸ ಕಂಪ್ಯೂಟರ್‌ನಲ್ಲಿ ತೆರೆದು, ಫೈಲ್ ಕೆಟ್ಟುಹೋಗಿದೆ ಅಂದುಕೊಂಡು ಅಳಿಸಿದವರನ್ನು ನಾನು ನೋಡಿದ್ದೇನೆ. ಕೆಟ್ಟಿರಲಿಲ್ಲ, ಫಾಂಟ್ ಇರಲಿಲ್ಲ ಅಷ್ಟೇ. ಹಾಗಾಗಿ ವಿಂಡೋಸ್ ಫೋಲ್ಡರಿನ ಒಳಗಿರುವ 'ಫಾಂಟ್ಸ್' ಫೋಲ್ಡರನ್ನೂ ಎತ್ತಿಕೊಳ್ಳಿ. ಹೊಸ ಯಂತ್ರದಲ್ಲಿ ಆ ಫಾಂಟ್ ಹಾಕಿದ ಮೇಲೆ ಅಕ್ಷರ ಸರಿಯಾಗಿ ಮೂಡುತ್ತದೆ. ಯುನಿಕೋಡ್‌ಗೆ ಬದಲಿಸುವ ಕೆಲಸ ಆಮೇಲೆ ನಿಧಾನವಾಗಿ ಮಾಡಿ.

ಎತ್ತುವ ಸರದಿ ಹೀಗಿರಲಿ. ಮತ್ತೆ ಹುಟ್ಟಿಸಲಾಗದ ಸಣ್ಣ ಫೈಲ್‌ಗಳು ಮೊದಲು: ಬರಹ, ಲೆಕ್ಕ, ಸ್ಕ್ಯಾನ್ ಮಾಡಿದ ಪಹಣಿ, ಅಂಕಪಟ್ಟಿ. ಆಮೇಲೆ ಫೋಟೊ. ಆಮೇಲೆ ಮನೆಯ ವಿಡಿಯೊ. ಸಿನಿಮಾ ಕೊನೆಗೆ, ಸಿಕ್ಕರೆ ಸಿಗಲಿ.

ಹಂತ 5: ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕುವುದು

ಯಂತ್ರವೇ ಏಳುವುದಿಲ್ಲ, ಮದರ್‌ಬೋರ್ಡ್ ಹೋಗಿದೆ ಎಂದರೆ ಇದೇ ದಾರಿ. ಡಿಸ್ಕ್ ತೆಗೆದು ಯುಎಸ್‌ಬಿ ಕೇಸಿಂಗ್‌ನಲ್ಲಿ ಹಾಕಿದರೆ ಅದೊಂದು ದೊಡ್ಡ ಪೆನ್‌ಡ್ರೈವ್ ಇದ್ದ ಹಾಗೆ. ಬೆಂಗಳೂರಿನವರಿಗೆ ಕಂಪ್ಯೂಟರ್ ಭಾಗಗಳು ಸಿಗುವ ಎಸ್.ಪಿ. ರಸ್ತೆ ಇದೆ, ಉಳಿದವರು ಆನ್‌ಲೈನ್‌ನಲ್ಲಿ ತರಿಸಬಹುದು. ಸರಿಯಾದದ್ದನ್ನು ಕೊಳ್ಳುವುದೇ ಮುಖ್ಯ.

ಲ್ಯಾಪ್‌ಟಾಪ್‌ನ ಎರಡೂವರೆ ಇಂಚಿನ ಸಾಟಾ ಡಿಸ್ಕ್ ಆದರೆ ಕೆಲವು ನೂರು ರೂಪಾಯಿಯ ಕೇಸಿಂಗ್ ಸಾಕು. ಡೆಸ್ಕ್‌ಟಾಪ್‌ನ ಮೂರೂವರೆ ಇಂಚಿನ ದಪ್ಪ ಡಿಸ್ಕ್‌ಗೆ ಯುಎಸ್‌ಬಿ ಕರೆಂಟ್ ಸಾಲದು, 12 ವೋಲ್ಟ್ ಅಡಾಪ್ಟರ್ ಜೊತೆಗೆ ಬರುವುದನ್ನೇ ತೆಗೆದುಕೊಳ್ಳಿ. ಚ್ಯೂಯಿಂಗ್ ಗಮ್ ಪಟ್ಟಿಯಂಥ ಎಂ.2 ಡಿಸ್ಕ್‌ನಲ್ಲಿ ಎರಡು ಜಾತಿ. ತುದಿಯಲ್ಲಿ ಒಂದು ಕಚ್ಚು ಇದ್ದರೆ ಸಾಮಾನ್ಯವಾಗಿ ಎನ್‌ವಿಎಂಇ, ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಸಾಟಾ. ಒಂದರ ಕೇಸಿಂಗ್ ಇನ್ನೊಂದಕ್ಕೆ ಆಗದು. ಎರಡನ್ನೂ ಓದುವ ಕೇಸಿಂಗ್ ಬರುತ್ತದೆ, ಸ್ವಲ್ಪ ದುಬಾರಿ. ಡಿಸ್ಕ್ ಮೇಲಿನ ಚೀಟಿಯ ಫೋಟೊ ಅಂಗಡಿಯವರಿಗೆ ತೋರಿಸಿ ಕೊಂಡರೆ ತಪ್ಪುವುದಿಲ್ಲ. ತೀರ ತೆಳ್ಳನೆ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕನ್ನು ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ, ಅಲ್ಲಿ ಈ ದಾರಿ ಇಲ್ಲ. ಈಗಿನ ಮ್ಯಾಕ್‌ಬುಕ್‌ಗಳೂ ಹಾಗೇ.

ಲ್ಯಾಪ್‌ಟಾಪ್ ಬಿಚ್ಚಿದ ಕೂಡಲೇ ಒಳಗಿನ ಬ್ಯಾಟರಿಯ ಕನೆಕ್ಟರ್ ಮೊದಲು ಬಿಡಿಸಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ. ಕಾಗದದ ಮೇಲೆ ಲ್ಯಾಪ್‌ಟಾಪ್ ಆಕಾರ ಬರೆದು ಅದೇ ಜಾಗದಲ್ಲಿ ಚುಚ್ಚಿಡುವುದು ನನ್ನ ಅಭ್ಯಾಸ.

ಬೇರೆ ವಿಂಡೋಸ್‌ಗೆ ಹಾಕಿ ಹಳೇ ಯೂಸರ್ ಫೋಲ್ಡರ್ ತೆರೆಯಲು ಹೋದರೆ 'ನಿಮಗೆ ಅನುಮತಿ ಇಲ್ಲ' ಎನ್ನುತ್ತದೆ. ಕಂಟಿನ್ಯೂ ಒತ್ತಿ ಕಾಯಿರಿ, ತೆರೆದುಕೊಳ್ಳುತ್ತದೆ. ಆದರೆ ಅದು ಡಿಸ್ಕ್ ಮೇಲಿನ ಅನುಮತಿಗಳನ್ನು ತಿದ್ದಿ ಬರೆಯುತ್ತದೆ. ಡಿಸ್ಕ್ ಸುಸ್ತಾಗಿದೆ ಅನಿಸಿದರೆ ಇಲ್ಲೂ ಮಿಂಟ್ ಪೆನ್‌ಡ್ರೈವ್‌ನಿಂದಲೇ ಓದಿ. ಲಿನಕ್ಸ್ ಆ ಅನುಮತಿಯ ಗೊಡವೆಗೆ ಹೋಗುವುದಿಲ್ಲ.

ಡಿಸ್ಕ್ ಸಾಯುತ್ತಿದ್ದರೆ

ಕಾಪಿ ಮಧ್ಯೆ ನಿಂತು ನಿಂತು ಹೋಗುತ್ತಿದೆ, ಕೆಲವು ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಬೇಕು. ಇದು ಡಿಸ್ಕ್ ಹಾಳಾಗುತ್ತಿರುವ ಲಕ್ಷಣ. ಮಿಂಟ್‌ನ 'ಡಿಸ್ಕ್ಸ್' ತಂತ್ರಾಂಶದಲ್ಲಿ ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವುದು) ತೆರೆದು ನೋಡಿ. 'ರೀಅಲೊಕೇಟೆಡ್' ಮತ್ತು 'ಪೆಂಡಿಂಗ್' ಸೆಕ್ಟರ್‌ಗಳ ಮುಂದೆ ಸೊನ್ನೆ ಬಿಟ್ಟು ದೊಡ್ಡ ಸಂಖ್ಯೆ ಇದ್ದರೆ ಅನುಮಾನ ಖಚಿತ.

ಆಗ ಅತಿ ಮುಖ್ಯವಾದ ಒಂದೆರಡು ಫೋಲ್ಡರ್ ಎತ್ತಿ ಮುಗಿಸಿ. ಉಳಿದದ್ದಕ್ಕೆ ಫೈಲ್ ಫೈಲ್ ಆಗಿ ಕಾಪಿ ಮಾಡುವುದು ಬಿಟ್ಟು ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ. ಅದು ಇಡೀ ಡಿಸ್ಕಿನ ಅಚ್ಚು ತೆಗೆಯುತ್ತದೆ. ಅದರ ಜಾಣತನ ಏನು ಗೊತ್ತಾ? ಕೆಟ್ಟ ಜಾಗ ಬಂದರೆ ಅಲ್ಲೇ ಹಟ ಹಿಡಿದು ಕೂರುವುದಿಲ್ಲ. ಹಾರಿ ಮುಂದೆ ಹೋಗಿ ಸುಲಭಕ್ಕೆ ಸಿಗುವುದನ್ನೆಲ್ಲ ಮೊದಲು ತುಂಬಿಕೊಳ್ಳುತ್ತದೆ, ಕೆಟ್ಟ ಜಾಗಕ್ಕೆ ಕೊನೆಗೆ ವಾಪಸ್ ಬರುತ್ತದೆ. ಎಲ್ಲಿಗೆ ಬಂದೆ ಎಂಬುದನ್ನು ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು, ಆ ಮ್ಯಾಪ್ ಫೈಲ್ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಇರಬೇಕು ಅಷ್ಟೇ. ಸಿಸ್ಟಮ್‌ರೆಸ್ಕ್ಯೂ ಎಂಬ ಉಚಿತ ಲಿನಕ್ಸ್‌ನಲ್ಲಿ ಇದು ಮೊದಲೇ ಇರುತ್ತದೆ.

ಆಜ್ಞೆ ಬರೆಯುವಾಗ ಮೊದಲು ಕೆಟ್ಟ ಡಿಸ್ಕ್, ಎರಡನೆಯದು ಅಚ್ಚು ಹೋಗುವ ಜಾಗ, ಮೂರನೆಯದು ಮ್ಯಾಪ್ ಫೈಲ್. ಮೊದಲನೆಯದು ಎರಡನೆಯದು ಅದಲುಬದಲಾದರೆ ಖಾಲಿ ಡಿಸ್ಕ್ ನಿಮ್ಮ ಫೋಟೊಗಳ ಮೇಲೆ ಕೂತುಬಿಡುತ್ತದೆ. ಗಾತ್ರ ಮತ್ತು ಮಾಡೆಲ್ ಹೆಸರನ್ನು ಡಿಸ್ಕ್ಸ್ ಕಿಟಕಿಯಲ್ಲಿ ನೋಡಿ, ಕಾಗದದ ಮೇಲೆ ಬರೆದು, ಎರಡು ಸಲ ಓದಿ ಎಂಟರ್ ಒತ್ತಿ. ಇದು ಕೈನಡುಗುವ ಕೆಲಸ ಅನಿಸಿದರೆ ಗೊತ್ತಿರುವ ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. 1 ಟಿಬಿ ಡಿಸ್ಕಿನ ಅಚ್ಚಿಗೆ 1 ಟಿಬಿಗಿಂತ ಹೆಚ್ಚು ಖಾಲಿ ಜಾಗ ಬೇಕು. ಇಡೀ ರಾತ್ರಿ ಓಡಬಹುದು, ಡಿಸ್ಕ್ ಬಿಸಿಯಾಗದಂತೆ ಒಂದು ಟೇಬಲ್ ಫ್ಯಾನ್ ತಿರುಗಿಸಿಡಿ.

ಟಿಕ್ ಟಿಕ್ ಸದ್ದು ಬರುವ ಡಿಸ್ಕ್

ಹಾರ್ಡ್‌ಡಿಸ್ಕಿನ ಓದುವ ತಲೆ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತದೆ. ನಮ್ಮ ಕೂದಲಿನ ದಪ್ಪ ಅದಕ್ಕಿಂತ ಸಾವಿರಾರು ಪಟ್ಟು. ಆ ತಲೆ ಕೆಟ್ಟಾಗ ಬರುವ ಸದ್ದು ಅದು. ಆನ್ ಇಟ್ಟ ಪ್ರತಿ ನಿಮಿಷವೂ ತಟ್ಟೆಯನ್ನು ಗೀಚಬಹುದು. ಫ್ರಿಜ್‌ನಲ್ಲಿಟ್ಟರೆ ಸರಿಯಾಗುತ್ತದೆ ಎಂಬ ಹಳೇ ಸಲಹೆ ಇನ್ನೂ ಓಡಾಡುತ್ತಿದೆ. ಹೊರಗೆ ತೆಗೆದಾಗ ಒಳಗೆ ನೀರು ಕಟ್ಟಿಕೊಳ್ಳುತ್ತದೆ, ಅಷ್ಟೇ ಲಾಭ. ಮನೆಯಲ್ಲಿ ಮುಚ್ಚಳ ಬಿಚ್ಚಿದರೆ ಒಂದು ಧೂಳಿನ ಕಣ ಸಾಕು ಕಥೆ ಮುಗಿಸಲು.

ಇದಕ್ಕೆ ಡೇಟಾ ರಿಕವರಿ ಲ್ಯಾಬ್ ಒಂದೇ ದಾರಿ. ಸಾವಿರಗಟ್ಟಲೆ ಖರ್ಚಾಗುತ್ತದೆ. ಕೊಡುವ ಮೊದಲು ಕೇಳಿ: ಧೂಳಿಲ್ಲದ ಕ್ಲೀನ್ ರೂಮ್ ಅವರದ್ದೇ ಇದೆಯೇ, ಇಲ್ಲ ಇನ್ನೊಬ್ಬರಿಗೆ ಕಳಿಸುತ್ತಾರೆಯೇ? ತೆರೆಯುವ ಮೊದಲು ಅಂದಾಜು ಹೇಳುತ್ತಾರೆಯೇ? ಏನೂ ಸಿಗದಿದ್ದರೆ ದುಡ್ಡು ಎಷ್ಟು? ಸಿಕ್ಕ ಫೈಲ್‌ಗಳ ಪಟ್ಟಿ ತೋರಿಸಿ ಆಮೇಲೆ ದುಡ್ಡು ತೆಗೆದುಕೊಳ್ಳುತ್ತಾರೆಯೇ? ಉತ್ತರ ತಡವರಿಸಿದರೆ ಡಿಸ್ಕ್ ವಾಪಸ್ ತನ್ನಿ.

ಈಗಾಗಲೇ ಫಾರ್ಮ್ಯಾಟ್ ಆಗಿಬಿಟ್ಟಿದ್ದರೆ

ನಮ್ಮ ದೊಡ್ಡಪ್ಪನ ಕಥೆ. ತಿರುಗುವ ಹಾರ್ಡ್‌ಡಿಸ್ಕ್ ಆದರೆ ಆಸೆ ಉಂಟು. ಕ್ವಿಕ್ ಫಾರ್ಮ್ಯಾಟ್ ಪಟ್ಟಿಯನ್ನಷ್ಟೇ ಅಳಿಸುತ್ತದೆ, ಸರಕು ಅಲ್ಲೇ ಬಿದ್ದಿರುತ್ತದೆ. ಹೊಸ ವಿಂಡೋಸ್ ಬರೆದ ಜಾಗ ಬಿಟ್ಟು ಉಳಿದದ್ದು ಸಿಗಬಹುದು. ಆ ಕಂಪ್ಯೂಟರ್ ಬಳಸುವುದನ್ನು ಆ ಕ್ಷಣವೇ ನಿಲ್ಲಿಸಿ, ಡಿಸ್ಕ್ ಹೊರಗೆ ತೆಗೆದು ಫೋಟೊರೆಕ್ ಎಂಬ ತಂತ್ರಾಂಶ ಓಡಿಸಿ. ಉಚಿತ. ಹೆಸರು ಫೋಟೊ ಎಂದಿದ್ದರೂ ವರ್ಡ್, ಪಿಡಿಎಫ್ ಎಲ್ಲ ಹುಡುಕುತ್ತದೆ. ಫೈಲ್‌ಗಳ ಹೆಸರು ಮಾತ್ರ ಹೋಗಿರುತ್ತದೆ, ಒಂದೊಂದೇ ತೆರೆದು ನೋಡುವ ತಾಳ್ಮೆ ಬೇಕು. ಸಿಕ್ಕಿದ್ದನ್ನು ಬೇರೆ ಡಿಸ್ಕ್‌ಗೇ ಇಳಿಸಿ. ನಾವು ಇದನ್ನು ತಿಳಿಯುವ ಹೊತ್ತಿಗೆ ಎಂಟು ತಿಂಗಳು ಬಳಸಿಯಾಗಿತ್ತು. ನಲವತ್ತೇನೋ ಪುಟ ಸಿಕ್ಕಿತು.

ಫಾರ್ಮ್ಯಾಟ್ ಮಾಡದೆ ಮೇಲೆಯೇ ವಿಂಡೋಸ್ ಹಾಕಿದ್ದರೆ ಸಿ ಡ್ರೈವ್‌ನಲ್ಲಿ 'ವಿಂಡೋಸ್ ಡಾಟ್ ಓಲ್ಡ್' ಫೋಲ್ಡರ್ ನೋಡಿ. ಹಳೇ ಯೂಸರ್ಸ್ ಫೋಲ್ಡರ್ ಅದರೊಳಗೆ ಇರುತ್ತದೆ. ತಡ ಮಾಡಬೇಡಿ, ಕೆಲವು ದಿನಗಳ ನಂತರ ವಿಂಡೋಸ್ ಅದನ್ನು ತಾನೇ ಅಳಿಸುತ್ತದೆ.

ಎಸ್‌ಎಸ್‌ಡಿ ಫಾರ್ಮ್ಯಾಟ್ ಆಗಿದ್ದರೆ ಆಸೆ ಕಡಿಮೆ. ಟ್ರಿಮ್ ಎಂಬ ಏರ್ಪಾಟಿನಿಂದ ಅಳಿಸಿದ ಜಾಗವನ್ನು ಅದು ಒಳಗೊಳಗೇ ಖಾಲಿ ಮಾಡಿಬಿಡುತ್ತದೆ.

ಕೊನೆಯ ಹಂತ: ತೆರೆದು ನೋಡಿ, ಆಮೇಲೆ ರಿಪೇರಿ

ಕಾಪಿ ಮುಗಿಯಿತು ಎಂದು ಎದ್ದು ಹೋಗಬೇಡಿ. ಹಳೇ ಫೋಲ್ಡರ್, ಹೊಸ ಫೋಲ್ಡರ್ ಎರಡರ ಪ್ರಾಪರ್ಟೀಸ್ ತೆಗೆದು ಫೈಲ್ ಸಂಖ್ಯೆ ತಾಳೆ ನೋಡಿ. ಪ್ರತಿ ಫೋಲ್ಡರಿನಿಂದ ಐದಾರು ಫೈಲ್ ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆಯಿರಿ. ಹೆಸರು ಇದ್ದು ಗಾತ್ರ ಸೊನ್ನೆ ಇದ್ದರೆ ಬಂದಿಲ್ಲ ಎಂದರ್ಥ. ಎಕ್ಸ್‌ಟರ್ನಲ್ ಡಿಸ್ಕನ್ನು ಇಜೆಕ್ಟ್ ಮಾಡಿಯೇ ಕೀಳಿ, ಇಲ್ಲದಿದ್ದರೆ ಕೊನೆಯ ಕೆಲವು ಫೈಲ್ ಅರ್ಧಂಬರ್ಧ ಉಳಿಯುತ್ತವೆ. ತೀರ ಮುಖ್ಯವಾದದ್ದರ ಇನ್ನೊಂದು ಕಾಪಿ ಬೇರೆ ಪೆನ್‌ಡ್ರೈವ್‌ಗೋ ಗೂಗಲ್ ಡ್ರೈವ್‌ಗೋ ಹಾಕಿ.

ಅಂಗಡಿಗೆ ಕೊಡುವುದಿದ್ದರೆ ರಸೀದಿಯ ಮೇಲೆ 'ಡೇಟಾ ಬೇಕು, ಕೇಳದೆ ಫಾರ್ಮ್ಯಾಟ್ ಮಾಡಬಾರದು' ಎಂದು ಬರೆಸಿ. ವಾರಂಟಿಯಲ್ಲಿ ಡಿಸ್ಕ್ ಬದಲಿಸಿದರೆ ಹಳೆಯದು ಸಾಮಾನ್ಯವಾಗಿ ನಿಮಗೆ ವಾಪಸ್ ಬರುವುದಿಲ್ಲ, ಅದನ್ನೂ ಮೊದಲೇ ಕೇಳಿಕೊಳ್ಳಿ. ನೀವೇ ವಿಂಡೋಸ್ ಹಾಕುವುದಾದರೆ ಶುರು ಮಾಡುವ ಮೊದಲು ಆ ಎಕ್ಸ್‌ಟರ್ನಲ್ ಡಿಸ್ಕನ್ನು ಕಿತ್ತು ಬೀರುವಿನಲ್ಲಿಡಿ. ಇನ್‌ಸ್ಟಾಲ್ ಪರದೆಯಲ್ಲಿ ಚುಚ್ಚಿರುವ ಡಿಸ್ಕ್‌ಗಳೆಲ್ಲ ಒಂದೇ ಪಟ್ಟಿಯಲ್ಲಿ, ಡ್ರೈವ್ 0, ಡ್ರೈವ್ 1 ಎಂದಷ್ಟೇ ಕಾಣುತ್ತವೆ.